ಮಾಡೆಲ್ 10 ದುರಸ್ತಿ: ಮೊದಲು ಒಳಗಿನ ಕೆಲಸ, ಆಮೇಲೆ ಮೈ

ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಹಳೆಯ ಸರ್ವಿಸ್ ರಿವಾಲ್ವರನ್ನು ತಂದುಕೊಟ್ಟು ಕೇಳಿದ್ದು ಒಂದೇ: ಹೊಸದರ ಹಾಗೆ ಹೊಳೆಯಬೇಕು. ಆ ಹೊಳಪು ಬೇಡವೆಂದು ಅವರನ್ನು ಒಪ್ಪಿಸುವುದೇ ನನ್ನ ಮೊದಲ ಕೆಲಸವಾಯಿತು.

ಅದು ಸ್ಮಿತ್ ಅಂಡ್ ವೆಸನ್ ಮಾಡೆಲ್ 10, .38 ಸ್ಪೆಷಲ್ ಗುಂಡಿನದು, ನಾಲ್ಕು ಇಂಚಿನ ಬ್ಯಾರೆಲ್. 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಹೆಸರಿನಲ್ಲಿ ಶುರುವಾದ ಈ ಮಾದರಿಗೆ ‘10’ ಎಂಬ ಸಂಖ್ಯೆ ಬಂದದ್ದು 1957ರಲ್ಲಿ. ಪಿಸ್ತೂಲುಗಳ ಕಾಲ ಬರುವವರೆಗೂ ಅಮೆರಿಕದ ಪೊಲೀಸರ ಸೊಂಟದಲ್ಲಿ ದಶಕಗಟ್ಟಲೆ ಇದ್ದ ರಿವಾಲ್ವರ್. ಹೋಲ್ಸ್ಟರ್‌ಗೆ ಉಜ್ಜಿ ಉಜ್ಜಿ ಬ್ಯಾರೆಲ್ ತುದಿಯಲ್ಲೂ ಸಿಲಿಂಡರ್ ಅಂಚಿನಲ್ಲೂ ಬ್ಲೂಯಿಂಗ್ (ಉಕ್ಕಿನ ಮೇಲಿನ ಕಪ್ಪು-ನೀಲಿ ರಕ್ಷಣಾ ಪದರ) ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಅದು ಸೇವೆಯ ಗುರುತು, ಅಳಿಸುವಂಥದ್ದಲ್ಲ. ಬಫಿಂಗ್ ಚಕ್ರಕ್ಕೆ ಹಿಡಿದರೆ ಅಚ್ಚೊತ್ತಿದ ಅಕ್ಷರಗಳ ಅಂಚು ಮಾಸುತ್ತದೆ, ಸ್ಕ್ರೂ ತೂತುಗಳ ಸುತ್ತ ಹಳ್ಳ ಬೀಳುತ್ತದೆ. ಹೋದ ಲೋಹ ಮತ್ತೆ ಬರುವುದಿಲ್ಲ. ಹಾಗೆ ಪಾಲಿಶ್ ಮಾಡಿ ಕೆಡಿಸಿದ ಇನ್ನೊಂದನ್ನು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಅವರು ಒಪ್ಪಿದರು.

ಲೈಸೆನ್ಸ್ ನೋಡಿ, ಸಿಲಿಂಡರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬಿಚ್ಚಲು ಕುಳಿತೆ. ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕೇ ಬೇಕು. ಪಕ್ಕದ ಮುಚ್ಚಳವಾದ ಸೈಡ್ ಪ್ಲೇಟನ್ನು ಮೀಟಿ ತೆಗೆಯಬಾರದು; ಹಿಡಿಯ ಚೌಕಟ್ಟಿನ ಮೇಲೆ ಸ್ಕ್ರೂಡ್ರೈವರಿನ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟುತ್ತಿದ್ದರೆ ತಾನಾಗಿಯೇ ಮೇಲೇಳುತ್ತದೆ. ಸಿಲಿಂಡರಿನ ತೋಳನ್ನು ಹಿಡಿದಿಡುವ ಮುಂದಿನ ಸ್ಕ್ರೂವನ್ನು ಬೇರೆಯದರ ಜೊತೆ ಬೆರೆಸದೆ ಪ್ರತ್ಯೇಕ ಇಟ್ಟುಕೊಂಡೆ.

ಒಳಗೆ ಹಳೆಯ ಎಣ್ಣೆ ಗೋಂದಿನ ಹಾಗೆ ಗಟ್ಟಿಯಾಗಿತ್ತು. ಟ್ರಿಗರ್ ಬಿಗಿಯಾಗಿದ್ದುದಕ್ಕೆ ಅದೇ ಕಾರಣ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ: ಹ್ಯಾಮರ್ ಬ್ಲಾಕ್ ಇರಲೇ ಇಲ್ಲ. ಇದು ತೆಳ್ಳನೆಯ ಉದ್ದ ಪಟ್ಟಿ. ಟ್ರಿಗರ್ ಒತ್ತದಿರುವಾಗ, ಗುಂಡಿಗೆ ಪೆಟ್ಟು ಕೊಡುವ ಹ್ಯಾಮರ್‌ಗೂ ಚೌಕಟ್ಟಿಗೂ ನಡುವೆ ನಿಂತು, ರಿವಾಲ್ವರ್ ಕೈಜಾರಿ ಬಿದ್ದರೂ ಗುಂಡು ಹಾರದಂತೆ ತಡೆಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿದ್ದ ರಿವಾಲ್ವರ್ ಸಿಡಿದು ಸಾವು ಸಂಭವಿಸಿದ ಮೇಲೆ ಕಂಪನಿ ಇದನ್ನು ಈಗಿನ ರೂಪಕ್ಕೆ ತಂದಿತು. ಹಿಂದೆ ಯಾರೋ ಬಿಚ್ಚಿದವರು ವಾಪಸ್ ಹಾಕಿರಲಿಲ್ಲ. ಇದಿಲ್ಲದೆಯೂ ರಿವಾಲ್ವರ್ ಸಲೀಸಾಗಿ ಕೆಲಸ ಮಾಡುವುದರಿಂದ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆ ಮಾದರಿಗೆ ಹೊಂದುವ ಪಟ್ಟಿ ತರಿಸಿ, ಟ್ರಿಗರನ್ನು ಮೊದಲಿನ ಜಾಗಕ್ಕೆ ತರುವ ರೀಬೌಂಡ್ ಸ್ಲೈಡಿನ ಗೂಟಕ್ಕೆ ಸಿಕ್ಕಿಸಿ, ಸೈಡ್ ಪ್ಲೇಟಿನೊಳಗೆ ಕೊರೆದ ಜಾಡಿನಲ್ಲಿ ತಡೆಯಿಲ್ಲದೆ ಓಡಾಡುವುದನ್ನು ನೋಡಿದ ಮೇಲೆಯೇ ಸ್ಕ್ರೂ ಬಿಗಿದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದು.

ಒಂದು ಮಗ್ಗುಲಿಗೆ ಹಿಡಿದಿದ್ದ ತುಕ್ಕಿಗೆ ಮರಳುಕಾಗದ ಮುಟ್ಟಿಸಲಿಲ್ಲ. ಬ್ಯಾರೆಲ್ ಕೂಡಿದ ಚೌಕಟ್ಟನ್ನೂ ಸಿಲಿಂಡರನ್ನೂ ಜಿಡ್ಡು ಉಳಿಯದಂತೆ ತೊಳೆದು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದೆ. ಕೆಂಪು ತುಕ್ಕು ಕುದಿನೀರಿನಲ್ಲಿ ಕಪ್ಪು ಆಕ್ಸೈಡ್ ಆಗುತ್ತದೆ. ಬೇಕೆಂದೇ ತುಕ್ಕು ಬರಿಸಿ, ಕುದಿಸಿ ಕಪ್ಪಾಗಿಸುವ ಹಳೆಯ ಕಾಲದ ರಸ್ಟ್ ಬ್ಲೂಯಿಂಗ್ ನಿಂತಿರುವುದೂ ಇದೇ ಗುಣದ ಮೇಲೆ. ಹೊರತೆಗೆದಾಗ ಇಟ್ಟಿಗೆ ಬಣ್ಣದ ಕಲೆಗಳು ಮಸಿಯಾಗಿದ್ದವು. ಎಣ್ಣೆ ತೆಗೆದ ನಯವಾದ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ ಒರೆಸಿದರೆ ಸಡಿಲ ಮಸಿ ಉದುರಿ, ಅಡಿಯಲ್ಲಿ ಗಟ್ಟಿ ಕಪ್ಪು ಉಳಿಯಿತು. ಸುತ್ತಲಿನ ಮೂಲ ಬ್ಲೂಯಿಂಗ್‌ಗೆ ಏನೂ ಆಗಲಿಲ್ಲ. ತುಕ್ಕು ತಿಂದ ಸಣ್ಣ ಕುಳಿಗಳು ಹಾಗೆಯೇ ಇವೆ, ಆದರೆ ಎಣ್ಣೆ ಸವರಿ ಒಣಗಿಟ್ಟರೆ ಇನ್ನು ಬೆಳೆಯುವುದಿಲ್ಲ. ಹ್ಯಾಮರ್ ಮತ್ತು ಟ್ರಿಗರಿನ ಮೇಲಿನ ಬಣ್ಣಬಣ್ಣದ ಛಾಯೆ ಉಕ್ಕಿನ ಮೇಲ್ಮೈಯನ್ನು ಕಾಯಿಸಿ ಗಟ್ಟಿ ಮಾಡುವ ಕೇಸ್ ಹಾರ್ಡನಿಂಗ್‌ನಿಂದ ಬಂದದ್ದು; ಅದಕ್ಕೆ ಎಣ್ಣೆಬಟ್ಟೆ ಬಿಟ್ಟು ಬೇರೇನೂ ತಾಗಿಸಲಿಲ್ಲ.

ಮರದ ಹಿಡಿಯ ಕೊಳೆಯನ್ನು ಮೆದು ಬ್ರಶ್ಶಿನಿಂದ ತೆಗೆದೆ. ಬಲಭಾಗದ ಹಿಡಿಯ ಒಳಬದಿಯಲ್ಲಿದ್ದ ಸಂಖ್ಯೆ ಚೌಕಟ್ಟಿನ ಸಂಖ್ಯೆಗೆ ತಾಳೆಯಾಯಿತು. ಅಂದರೆ ಕಾರ್ಖಾನೆಯಿಂದ ಜೊತೆಯಾಗಿಯೇ ಬಂದ ಹಿಡಿ.

ಕೊಡುವಾಗ ಅವರಿಗೆ ಒಂದು ಮಾತು ಒತ್ತಿ ಹೇಳಿದೆ: “ಸರ್, ಚರ್ಮದ ಹೋಲ್ಸ್ಟರ್‌ನಲ್ಲಿ ಮಾತ್ರ ಇಡಬೇಡಿ.” ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಉಳಿದಿರುತ್ತದೆ. ಈ ರಿವಾಲ್ವರಿನ ಒಂದೇ ಮಗ್ಗುಲಿಗೆ ತುಕ್ಕು ಹಿಡಿದದ್ದೂ ಹಾಗೆಯೇ. ಎಣ್ಣೆ ಸವರಿ, ಬೀಗ ಹಾಕಿದ ಒಣ ಪೆಟ್ಟಿಗೆಯಲ್ಲಿ ರಿವಾಲ್ವರ್. ಹೋಲ್ಸ್ಟರ್ ಬೇರೆ ಕಡೆ.