ಗಣಿತದ ಪಿರಿಯಡ್‌ನಲ್ಲಿ ನಗುವಿಗೆ ಜಾಗ ಮಾಡಿಕೊಡುವುದು ಹೇಗೆ

ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡಲು ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಒಂದು ಸಂಗತಿಯನ್ನು ಗಮನಿಸುತ್ತಾರೆ. ಪ್ರಶ್ನೆ ಕೇಳಿದೊಡನೆ ಮಕ್ಕಳು ಕರಿಹಲಗೆಯನ್ನು ನೋಡುವುದಿಲ್ಲ, ಪಕ್ಕದಲ್ಲಿ ಕುಳಿತವರ ಮುಖ ನೋಡುತ್ತಾರೆ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಉತ್ತರ ತಪ್ಪಾದೀತೆಂಬ ಭಯಕ್ಕಿಂತ, ತಪ್ಪಾದರೆ ಗೆಳೆಯರು ನಗುತ್ತಾರೆಂಬ ಅಂಜಿಕೆ ದೊಡ್ಡದು. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ನಗುವನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಅದು ಯಾವುದರ ಮೇಲೆ ಬೀಳಬೇಕು ಎಂಬುದನ್ನು ಮಾತ್ರ ಶಿಕ್ಷಕರು ತೀರ್ಮಾನಿಸಬಲ್ಲರು. ಅದನ್ನು ಲೆಕ್ಕದ ಕಡೆಗೆ ತಿರುಗಿಸುವ ಕೆಲವು ದಾರಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ‘ಈ ಉತ್ತರ ನಿನಗೆ ಹೇಗೆ ಬಂತು?’ ಎಂದು ಕೇಳುವವರೆಗೆ ನೀವು ನಗಬೇಡಿ. ಕೆಲಸಕ್ಕೆ ಸೇರಿದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ½ ಮತ್ತು ⅓ ಕೂಡಿದರೆ ⅖ ಎಂದಾಗ ನಾನು ನಕ್ಕುಬಿಟ್ಟೆ, ತರಗತಿಯೂ ನಕ್ಕಿತು. ಆ ವರ್ಷವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ. ಅದೇ ತಪ್ಪನ್ನು ಮುಂದೊಮ್ಮೆ ಮಾಡಿದ ಹುಡುಗನನ್ನು ವಿಚಾರಿಸಿದಾಗ ಅವನು ಹೇಳಿದ್ದು ಹೀಗೆ: ‘ಎರಡು ಬಾಲಲ್ಲಿ ಒಂದು ರನ್ನು, ಆಮೇಲೆ ಮೂರು ಬಾಲಲ್ಲಿ ಒಂದು ರನ್ನು, ಒಟ್ಟು ಐದು ಬಾಲಿಗೆ ಎರಡು ರನ್ನು ಅಲ್ವಾ ಮೇಡಂ?’ ಅವನ ಕ್ರಿಕೆಟ್ ಲೆಕ್ಕ ಸರಿಯಾಗಿಯೇ ಇತ್ತು, ಅದನ್ನು ತಂದಿಟ್ಟ ಜಾಗ ಮಾತ್ರ ತಪ್ಪು. ಆಗ ನಾನು ಒಂದು ರೊಟ್ಟಿಯ ಚಿತ್ರ ಬರೆದು, ಅರ್ಧ ರೊಟ್ಟಿ ತಟ್ಟೆಯಲ್ಲಿರುವಾಗ ಅಮ್ಮ ಇನ್ನೊಂದು ಚೂರು ಹಾಕಿದರೆ ಅರ್ಧಕ್ಕಿಂತ ಕಡಿಮೆಯಾಗಬಹುದೇ ಎಂದು ಕೇಳಿದೆ. ⅖ ಎಂಬುದು ಅರ್ಧಕ್ಕಿಂತ ಚಿಕ್ಕದೆಂದು ಮೊದಲು ಕಂಡುಕೊಂಡವನು ಅವನೇ, ಎಲ್ಲರಿಗಿಂತ ಮೊದಲು ನಕ್ಕವನೂ ಅವನೇ. ಎಲ್ಲರೂ ನಕ್ಕದ್ದು ಕರಗಿಹೋದ ರೊಟ್ಟಿಗೆ.

ಎರಡನೆಯದಾಗಿ, ಬಂದ ಉತ್ತರವನ್ನು ಪೂರ್ತಿ ವಾಕ್ಯದಲ್ಲಿ, ಗಟ್ಟಿಯಾಗಿ ಓದಿಸಿ. ಹತ್ತನೆಯ ತರಗತಿಯ ವರ್ಗ ಸಮೀಕರಣಗಳ ಪಾಠದಲ್ಲಿ ಇದಕ್ಕೆ ಧಾರಾಳವಾಗಿ ಅವಕಾಶವಿದೆ. ಆಯತಾಕಾರದ ಹೊಲವೊಂದರ ಉದ್ದ ಅದರ ಅಗಲಕ್ಕಿಂತ 7 ಮೀಟರ್ ಹೆಚ್ಚು, ವಿಸ್ತೀರ್ಣ 60 ಚದರ ಮೀಟರ್ ಎಂದು ಕೊಟ್ಟರೆ ಮಕ್ಕಳು ಅಪವರ್ತಿಸಿ x = 5 ಅಥವಾ x = –12 ಎಂದು ಬರೆದು, ಎರಡಕ್ಕೂ ಗೆರೆ ಎಳೆದು ಪೆನ್ನು ಕೆಳಗಿಡುತ್ತಾರೆ. ‘ಹೊಲದ ಅಗಲ ಮೈನಸ್ ಹನ್ನೆರಡು ಮೀಟರ್’ ಎಂದು ಒಬ್ಬಳಿಂದ ಓದಿಸಿದಾಗ ಹಿಂದಿನ ಬೆಂಚಿನಿಂದ ಬಂದ ವಿವರಣೆ ನನಗೆ ಇಂದಿಗೂ ನೆನಪಿದೆ: ‘ಅಂದ್ರೆ ಪಕ್ಕದ ಹೊಲದವರು ಹನ್ನೆರಡು ಮೀಟರ್ ಒತ್ತುವರಿ ಮಾಡಿದ್ದಾರೆ ಮೇಡಂ!’ ಇಂಥ ಮಾತು ಬಂದಾಗ ‘ಸುಮ್ಮನಿರು’ ಎನ್ನಬೇಡಿ, ಏಕೆಂದರೆ ಆ ಹುಡುಗ ಋಣ ಚಿಹ್ನೆಗೆ ಲೋಕದಲ್ಲಿ ಏನರ್ಥ ಎಂದು ತಾನಾಗಿಯೇ ಯೋಚಿಸಿದ್ದಾನೆ. ಅಳತೆಗೆ ಆ ಬೆಲೆ ಏಕೆ ಒಪ್ಪುವುದಿಲ್ಲ ಎಂದು ಅವನಿಂದಲೇ ಹೇಳಿಸಿ. ಒತ್ತುವರಿಯ ಆ ಮಾತು ಕೇಳಿದ ಮೇಲೆ ಋಣ ಮೂಲವನ್ನು ಕೈಬಿಡಲು ಆ ತರಗತಿಗೆ ನಾನು ನೆನಪಿಸಬೇಕಾಗಿ ಬರಲಿಲ್ಲ.

(a + b)² ಬಿಡಿಸುವಾಗ a² + b² ಎಂದಷ್ಟೇ ಬರೆಯುವುದು ಎಲ್ಲ ಊರಿನ, ಎಲ್ಲ ಕಾಲದ ಮಕ್ಕಳ ತಪ್ಪು. ಸೂತ್ರವನ್ನು ಹತ್ತು ಸಲ ಬರೆಯಿಸುವ ಬದಲು, ನೆಲದ ಮೇಲೆ ಐದಕ್ಕೆ ಐದರ ಚೌಕಗಳನ್ನು ಸೀಮೆಸುಣ್ಣದಲ್ಲಿ ಎಳೆದು, ಐದನ್ನು ಮೂರು ಮತ್ತು ಎರಡಾಗಿ ಒಡೆಯಿರಿ. ಒಂದು ಮೂಲೆಯಲ್ಲಿ ಒಂಬತ್ತು, ಎದುರು ಮೂಲೆಯಲ್ಲಿ ನಾಲ್ಕು, ಒಟ್ಟು ಹದಿಮೂರು. ಆದರೆ ಇರಬೇಕಾದವು ಇಪ್ಪತ್ತೈದು. ಉಳಿದ ಹನ್ನೆರಡು ಎಲ್ಲಿ ಎಂದು ಹುಡುಕಹೊರಟವರಿಗೆ ಆರಾರು ಚೌಕಗಳ ಎರಡು ಆಯತಗಳು ಕಾಲಡಿಯಲ್ಲೇ ಸಿಗುತ್ತವೆ. ನಮ್ಮ ತರಗತಿಯಲ್ಲಿ ಅಂದಿನಿಂದ ಯಾರಾದರೂ 2ab ಮರೆತರೆ ಹಾಜರಿ ಕೂಗುವ ಧಾಟಿಯಲ್ಲಿ ‘ಎರಡು ಎಬಿ?’ ಎಂದು ಒಬ್ಬರು ಕರೆಯುವುದು, ‘ಗೈರುಹಾಜರಿ!’ ಎಂದು ಉಳಿದವರು ಉತ್ತರಿಸುವುದು ರೂಢಿಯಾಯಿತು.

ಬಿಸಿಯೂಟದ ನಂತರದ ಪಿರಿಯಡ್‌ಗೆ ಬೇರೆಯೇ ಸಿದ್ಧತೆ ಬೇಕು. ಹೊಟ್ಟೆ ತುಂಬಿ ಕಣ್ಣು ಎಳೆಯುವ ಆ ಹೊತ್ತಿನಲ್ಲಿ ಪ್ರಮೇಯದ ಸಾಧನೆಗೆ ಕೈಹಾಕಬೇಡಿ, ಕಾಪ್ರೇಕರ್ ಸ್ಥಿರಾಂಕವನ್ನು ಕೊಡಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಕಂಡುಕೊಂಡ ಗುಣವಿದು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲೂ ಏರಿಕೆ ಕ್ರಮದಲ್ಲೂ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ಸಂಖ್ಯೆಗೂ ಹಾಗೆಯೇ ಮಾಡುತ್ತ ಹೋದರೆ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದು ನಿಲ್ಲುತ್ತದೆ. 3524ರಿಂದ ಹೊರಟರೆ 3087, 8352, ಆಮೇಲೆ 6174. ತಮ್ಮ ಬೈಕಿನ ನಂಬರು, ಅಪ್ಪನ ಮೊಬೈಲಿನ ಕೊನೆಯ ನಾಲ್ಕಂಕಿ ಹೀಗೆ ಏನನ್ನು ಹಾಕಿದರೂ ಅದೇ ಬರುವುದನ್ನು ಕಂಡು ಮಕ್ಕಳು ಬೆಂಚಿನಿಂದ ಎದ್ದು ನಿಲ್ಲುತ್ತಾರೆ. ಒಮ್ಮೆ ಒಬ್ಬ ಹುಡುಗ, ‘ಕಾಪ್ರೇಕರ್ ತಪ್ಪು ಮೇಡಂ, ನಂಗೆ ಸೊನ್ನೆ ಬಂತು’ ಎಂದು ಪುಸ್ತಕ ಎತ್ತಿ ಹಿಡಿದ. ಅವನು 2111 ತೆಗೆದುಕೊಂಡಿದ್ದ. 2111ರಿಂದ 1112 ಕಳೆದು 999 ಪಡೆದು, ಅದರಿಂದ ಮತ್ತೆ 999 ಕಳೆದಿದ್ದ. ನಾನು ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟೆ. ಹಲಗೆಯ ಮುಂದೆ ಅರ್ಧ ನಿಮಿಷ ನಿಂತವನು ‘ನಾಲ್ಕಂಕಿ’ ಎಂದು ತನ್ನಷ್ಟಕ್ಕೆ ಗೊಣಗಿ, 999ರ ಎಡಗಡೆ ಮೆಲ್ಲಗೆ ಒಂದು ಸೊನ್ನೆ ಬರೆದ. 9990ರಿಂದ 0999 ಕಳೆದು 8991, ಆಮೇಲೆ 8082, 8532, ಕಡೆಗೆ 6174. ಎಡಕ್ಕಿರುವ ಸೊನ್ನೆಗೆ ಬೆಲೆಯಿಲ್ಲ ಎಂದು ನಾವೇ ಕಲಿಸಿದ್ದೆವು, ಅದು ಜಾಗ ಹಿಡಿದು ಕೂರುವುದೂ ಒಂದು ಕೆಲಸವೇ ಎಂಬುದು ಅಂದು ಎಲ್ಲರಿಗೂ ಕಂಡಿತು.

ಸಂಭವನೀಯತೆಯ ಪಾಠಕ್ಕೆ ನಾಣ್ಯ ಮತ್ತು ದಾಳಗಳ ಜೊತೆಗೆ ಹುಟ್ಟಿದ ದಿನಾಂಕಗಳನ್ನೂ ಬಳಸಿ. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು, 40 ಜನರಾದರೆ ಸುಮಾರು ಶೇ 89. ಮಕ್ಕಳು ಇದನ್ನು ಖಂಡಿತ ನಂಬುವುದಿಲ್ಲ; ನಂಬದಿರುವುದೇ ಒಳ್ಳೆಯದು, ಏಕೆಂದರೆ ಆಗ ತಾವೇ ಪಟ್ಟಿ ಮಾಡಲು ಕೂರುತ್ತಾರೆ. ಮರುದಿನ ಮನೆಯ ಹಿರಿಯರ ಆಧಾರ್ ಕಾರ್ಡಿನಲ್ಲಿರುವ ದಿನಾಂಕಗಳನ್ನು ಬರೆದುಕೊಂಡು ಬರಲು ಹೇಳಿ. ನಾನು ಹಾಗೆ ಹೇಳಿದಾಗ ಅಪ್ಪನದು ಜೂನ್ 1, ದೊಡ್ಡಪ್ಪನದು ಜೂನ್ 1, ಪಕ್ಕದ ಮನೆಯ ಅಜ್ಜನದೂ ಜೂನ್ 1 ಎಂದು ಒಬ್ಬೊಬ್ಬರಾಗಿ ಓದುತ್ತ ಹೋದಂತೆ ತರಗತಿ ಬಿದ್ದು ಬಿದ್ದು ನಕ್ಕಿತು. ‘ಊರಿಗೆ ಊರೇ ಒಂದೇ ದಿನ ಹುಟ್ಟಿದೆಯಾ ಮೇಡಂ?’ ಎಂದು ಕೇಳಿದವಳಿಗೆ ನಾನು ಉತ್ತರ ಹೇಳಲಿಲ್ಲ, ಮನೆಯಲ್ಲಿ ಕೇಳಿಕೊಂಡು ಬಾ ಎಂದೆ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ, ವಯಸ್ಸಿನ ಲೆಕ್ಕ ಸುಲಭವಾಗಲೆಂದು ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಕಥೆಯನ್ನು ಅವಳ ಅಜ್ಜ ಹೇಳಿ ಕಳುಹಿಸಿದ್ದರು. 365 ದಿನಗಳಿಗೂ ಸಮಾನ ಸಂಭವವಿದೆ ಎಂದು ಭಾವಿಸಿದಾಗ ಮಾತ್ರ ನಮ್ಮ ಲೆಕ್ಕ ಸರಿಯಾಗುತ್ತದೆ ಎಂಬ ಷರತ್ತನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ.

ವರ್ಗ ಸಮೀಕರಣದ ಶೋಧಕ (b² – 4ac) ಋಣವಾಗಿ ಬಂದಾಗ, ಉದಾಹರಣೆಗೆ x² + 2x + 5 = 0 ಎಂಬಲ್ಲಿ –16 ಬಂದಾಗ, ಋಣ ಚಿಹ್ನೆಯನ್ನು ಸದ್ದಿಲ್ಲದೆ ಅಳಿಸಿ ವರ್ಗಮೂಲ 4 ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಪರಿಚಯ ಮಾಡಿಸಿ. ಸುಮಾರು 850ರ ‘ಗಣಿತಸಾರಸಂಗ್ರಹ’ದಲ್ಲಿ ಅವನು ಋಣ ಸಂಖ್ಯೆ ವರ್ಗವಾಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ನೈಜ ಮೂಲಗಳಿಲ್ಲ ಎಂದು ನಾವು ಇಂದು ಬರೆಯುವ ಮಾತಿಗೆ ಅಷ್ಟು ಹಳೆಯ, ಅಷ್ಟು ಹತ್ತಿರದ ಬೇರಿದೆ ಎಂದು ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಅದೇ ಗ್ರಂಥದಲ್ಲಿ ಅವನು ಕೊರಳಹಾರದಂತೆ ಕಾಣುವ ಗುಣಲಬ್ಧಗಳನ್ನೂ ಕೊಟ್ಟಿದ್ದಾನೆ. 152207 ಅನ್ನು 73ರಿಂದ ಗುಣಿಸಲು ಹೇಳಿ ನೀವು ಸುಮ್ಮನೆ ನಿಲ್ಲಿ, ಎಂಟು ಒಂದುಗಳು ಸಾಲಾಗಿ ಬಂದಾಗ ಕೇಕೆ ಕೇಳುತ್ತದೆ.

ಅಂಕಗಳ ಬಗ್ಗೆ, ಅಕ್ಕ ತಮ್ಮಂದಿರ ಜೊತೆಗಿನ ಹೋಲಿಕೆಯ ಬಗ್ಗೆ, ಅಕ್ಷರದ ಬಗ್ಗೆ ಎಂದೂ ತಮಾಷೆ ಮಾಡಬೇಡಿ. ಆ ನಗು ಮಗುವಿನ ಜೊತೆ ಮನೆಗೆ ಹೋಗುತ್ತದೆ.

ಕೊನೆಯದಾಗಿ, ಜೂನ್ ತಿಂಗಳಿನಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು, ನಿಮಗೆ ಇಷ್ಟವಾದ ತಪ್ಪು ಉತ್ತರಗಳನ್ನು ದಿನಾಂಕದೊಂದಿಗೆ, ಹೆಸರಿಲ್ಲದೆ, ಬರೆದಿಡಿ. ಎಸ್ಸೆಸ್ಸೆಲ್ಸಿಯ 80 ಅಂಕಗಳ ಲಿಖಿತ ಪರೀಕ್ಷೆ ಹತ್ತಿರವಾಗಿ ಮಕ್ಕಳ ಮುಖ ಬಾಡಿರುವ ದಿನಗಳಲ್ಲಿ, ಒಂದು ಪಿರಿಯಡ್ ಪೂರ್ತಿ ಅದನ್ನು ಓದಿ, ಪ್ರತಿಯೊಂದನ್ನೂ ಅವರಿಂದಲೇ ತಿದ್ದಿಸಿ. ಕಳೆದ ವರ್ಷ ಹಾಗೆ ಓದುತ್ತ ಮೈನಸ್ ಹನ್ನೆರಡು ಮೀಟರಿನ ಹೊಲಕ್ಕೆ ಬಂದಾಗ, ಇಡೀ ವರ್ಷದಲ್ಲಿ ನಾಲ್ಕು ಮಾತೂ ಆಡಿರದ ಹುಡುಗಿಯೊಬ್ಬಳು ಎದ್ದು ನಿಂತು, ‘ಅದು ನಂದು ಮೇಡಂ’ ಎಂದಳು.