ಉಪ್ಪಿನ ಕಂಬ ಮತ್ತು ಅಕ್ಕನ ಮಗನ ಬೆಕ್ಕು

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಹಾಲಿನ ಲೆಕ್ಕ ಬರೆಯುವ ಪುಸ್ತಕವೊಂದಿದೆ. ಅದರ ಕೊನೆಯ ಪುಟದಲ್ಲಿ ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕಿದ ಐದು ಗುಂಪುಗಳು, ಪಕ್ಕದಲ್ಲಿ ಮೂರು ಒಂಟಿ ಗೆರೆಗಳು. ಒಟ್ಟು 28. ಅದರ ಕೆಳಗೆ ಇನ್ನೊಂದು 28. ಹೆಂಡತಿ ಒಮ್ಮೆ ಅದನ್ನು ನೋಡಿ, ಹಾಲಿನವರಿಗೆ ಇಷ್ಟು ಬಾಕಿ ಹೇಗಾಯಿತು ಎಂದು ಕೇಳಿದಳು. ಮೇಲಿನ ಸಾಲು ಹಂದಿಮರಿಗಳದು, ಕೆಳಗಿನದು ಜೇಡಗಳದು ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ.

ಆಟ ಪೋಕೆಮಾನ್ ವಯಲೆಟ್, ಪೋಕೆಮಾನ್ ಎಂಬ ಮಾನ್‌ಸ್ಟರ್‌ಗಳನ್ನು ಸಾಕಿ ಕಾದಾಡಿಸುವ ವಿಡಿಯೊ ಗೇಮ್, 2022ರ ನವೆಂಬರಿನಲ್ಲಿ ಬಂದದ್ದು. ಹಂದಿಮರಿ ಎಂದರೆ ಲೆಚಾಂಕ್, ಆರಂಭದ ಹುಲ್ಲುಗಾವಲಿನಲ್ಲಿ ಕಾಲಿಗೆ ತೊಡರುವಷ್ಟು ಸಿಗುತ್ತದೆ. ಜೇಡ ಎಂದರೆ ದಾರದುಂಡೆಯ ಹಾಗಿರುವ ಟರೌಂಟುಲಾ. ಇವುಗಳನ್ನು ಸೋಲಿಸಿ ಸೋಲಿಸಿ ನಾನು ಬೆಳೆಸಿದ್ದು ಗಾರ್ಗನಾಕಲ್ ಎಂಬ ಉಪ್ಪುಬಂಡೆಯ ದೈತ್ಯನನ್ನು. ಮನೆಯಲ್ಲಿ ಅದರ ಹೆಸರು ಉಪ್ಪಿನ ಕಂಬ.

ಮಾನ್‌ಸ್ಟರ್ ಸಾಕುವ ಚಟ ಹತ್ತಿದ್ದು ಶಾಲೆಯ ದಿನಗಳಲ್ಲಿ. ಅಮೆರಿಕದಿಂದ ರಜೆಗೆ ಬಂದ ದೊಡ್ಡಪ್ಪನ ಮಗ ತಾನು ಆಡಿ ಬಿಟ್ಟ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿಯನ್ನು ನನಗೆ ಕೊಟ್ಟುಹೋದ. ಒಳಗೆ ಫೈರ್‌ರೆಡ್ ಎಂಬ ಪೋಕೆಮಾನ್ ಆಟದ ಕಾರ್ಟ್ರಿಜ್ ಇತ್ತು. ಬೆಂಕಿಯ ಬಾಲದ ಚಾರ್‌ಮ್ಯಾಂಡರ್ ಆರಿಸಿಕೊಂಡೆ, ಜಿಮ್ ಎಂಬ ಪಂದ್ಯದ ಕಣಗಳಲ್ಲಿ ಮೊದಲನೆಯದರಲ್ಲೇ, ಅದರ ಯಜಮಾನ ಬ್ರಾಕ್‌ನ ಕಲ್ಲುಹಾವಿಗೆ ಸಿಕ್ಕಿ ನುಚ್ಚುನೂರಾದೆ. 13ನೇ ಲೆವೆಲ್ಲಿಗೆ ಚಾರ್‌ಮ್ಯಾಂಡರ್ ಮೆಟಲ್ ಕ್ಲಾ ಎಂಬ ಏಟು ಕಲಿಯುತ್ತದೆ, ಅದು ಕಲ್ಲಿಗೆ ತಾಗುತ್ತದೆ ಎಂದು ತಿಳಿಯುವ ಹೊತ್ತಿಗೆ ಅರ್ಧ ರಜೆ ಮುಗಿದಿತ್ತು. ಅಲ್ಲಿಂದ ಮುಂದೆ ಬೇರೆ ಯಾರನ್ನೂ ಆಡಿಸಲಿಲ್ಲ. ಅದೊಂದೇ ಬೆಳೆದು ಚಾರಿಜಾರ್ಡ್ ಆಯಿತು, ಉಳಿದ ಐವರು ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ ಹಿಂದೆ ಸುತ್ತುತ್ತಿದ್ದರು. ಕೊನೆಯ ನಾಲ್ವರು ಘಟಾನುಘಟಿಗಳಲ್ಲಿ ಮೊದಲನೆಯವಳೇ ಲೊರೆಲೈ, ಅವಳ ತಂಡದ ತುಂಬ ಹಿಮ ಮತ್ತು ನೀರು. ನನ್ನ ಬೆಂಕಿ ಆರಿತು, ಆಟವೂ ಅಲ್ಲಿಗೆ ನಿಂತಿತು.

ಆಗ ಮಾಡಿದ ತಪ್ಪೊಂದು ಈಗಲೂ ನೆನಪಿದೆ. ಕೂಡಿಟ್ಟಿದ್ದ ರೇರ್ ಕ್ಯಾಂಡಿಗಳನ್ನೆಲ್ಲ ಹಿಂದುಳಿದವರಿಗೆ ತಿನ್ನಿಸಿ ಲೆವೆಲ್ ಏರಿಸಿದೆ. ಅಂಕಿಯೇನೋ ಏರಿತು, ಏಟು ಮಾತ್ರ ಸಪ್ಪೆಯಾಗಿಯೇ ಉಳಿಯಿತು. ಕಾರಣ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಒಂದು ಪೋಕೆಮಾನ್ ಯಾರನ್ನು ಸೋಲಿಸುತ್ತದೆ ಎಂಬುದರ ಮೇಲೆ ಅದಕ್ಕೆ ಗುಟ್ಟಾಗಿ ಅಂಕಗಳು ಸೇರುತ್ತ ಹೋಗುತ್ತವೆ. ಆಟಗಾರರು ಇದನ್ನು ಇವಿ ಎನ್ನುತ್ತಾರೆ. 2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಳಿಂದ ಈ ಲೆಕ್ಕದ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಒಟ್ಟು 510, ಬಲ, ವೇಗದಂಥ ಒಂದು ಗುಣಕ್ಕೆ ಉಪಯೋಗಕ್ಕೆ ಬರುವುದು 252. ಲೆವೆಲ್ 100ರಲ್ಲಿ ನಾಲ್ಕು ಇವಿಗೆ ಆ ಗುಣ ಒಂದು ಏರುತ್ತದೆ. ಕ್ಯಾಂಡಿ ತಿಂದು ಬೆಳೆದವನಿಗೆ ಇದರಲ್ಲಿ ಒಂದೂ ದಕ್ಕುವುದಿಲ್ಲ. ವ್ಯಾಯಾಮವಿಲ್ಲದೆ ಎತ್ತರ ಮಾತ್ರ ಬೆಳೆದ ಹುಡುಗನ ಕಥೆ.

ಈಗ ಹಂದಿಮರಿಗೆ ಬರೋಣ. ಲೆಚಾಂಕ್ ಸೋತರೆ ಎಚ್‌ಪಿಗೆ, ಅಂದರೆ ಜೀವಬಲಕ್ಕೆ, ಒಂದು ಇವಿ. ಉಪ್ಪಿನ ಕಂಬದ ಕೈಗೆ ಪವರ್ ವೆಯ್ಟ್ ಎಂಬ ಸಾಮಾನು ಕೊಟ್ಟರೆ ಅದರ ಮೇಲೆ ಇನ್ನೂ 8. ಒಂದು ಹಂದಿಗೆ 9, 28 ಹಂದಿಗೆ ಸರಿಯಾಗಿ 252. ಆಮೇಲೆ ಪವರ್ ಬೆಲ್ಟ್ ಕೊಟ್ಟು 28 ಟರೌಂಟುಲಾ, ಅದು ಡಿಫೆನ್ಸಿಗೆ, ಅಂದರೆ ಏಟು ತಡೆಯುವ ಶಕ್ತಿಗೆ. ದುಡ್ಡಿದ್ದವರು ಅಂಗಡಿಯಲ್ಲಿ ವಿಟಮಿನ್ ಬಾಟಲಿ ಕೊಳ್ಳುತ್ತಾರೆ. ಒಂದಕ್ಕೆ 10,000, ಒಂದು ಗುಣ ತುಂಬಲು 26 ಬಾಟಲಿ ಬೇಕು. 2,60,000 ಕೊಡಲು ನನಗೆ ಮನಸ್ಸು ಬರಲಿಲ್ಲ. ಆಟದ ದುಡ್ಡಾದರೂ ದುಡ್ಡೇ ಅಲ್ಲವೇ.

ಮೊದಲ ಸಂಜೆ ಪೂರ್ತಿ ಹಾಳಾಯಿತು. ಈ ಆಟದಲ್ಲಿ ಪೋಕೆಮಾನನ್ನು ಮುಂದೆ ಬಿಟ್ಟರೆ ಅದೇ ಹೋಗಿ ಗುದ್ದಿ ಬರುತ್ತದೆ. ನಾನು ಕಾಫಿ ಕುಡಿಯುತ್ತ ಕುಳಿತು ಒಂದು ಗಂಟೆ ಹಾಗೆಯೇ ಗುದ್ದಿಸಿದೆ. ಹಾಗೆ ತಾನಾಗಿ ಹೊಡೆದದ್ದಕ್ಕೆ ಇವಿ ಸಿಗುವುದಿಲ್ಲ, ನಾವೇ ಕಣಕ್ಕಿಳಿದು ಹೊಡೆಸಬೇಕು. ಇನ್ನೊಂದು: ಒಬ್ಬ ಹೊಡೆದರೂ ಅಂಕ ತಂಡದ ಆರೂ ಜನರಿಗೆ ಸಿಗುತ್ತದೆ. ಎಚ್ಚರ ತಪ್ಪಿದರೆ ಓಡಬೇಕಾದವನ ಹೊಟ್ಟೆಗೆ ಹಂದಿಯ ಇವಿ ಸೇರುತ್ತದೆ. ಆದ್ದರಿಂದ ಉಳಿದವರನ್ನು ಪೆಟ್ಟಿಗೆಯಲ್ಲಿಟ್ಟು ಒಬ್ಬನನ್ನೇ ಕರೆದುಕೊಂಡು ಹೋಗುವುದು ನನ್ನ ಕ್ರಮ. ನಿಜ ಹೇಳಬೇಕೆಂದರೆ ಗೆರೆ ಎಳೆದು ಎಣಿಸುವ ಅಗತ್ಯವೂ ಇಲ್ಲ. ವಿವರದ ಪುಟದಲ್ಲಿ ಎಲ್ ಬಟನ್ ಒತ್ತಿದರೆ ಗ್ರಾಫ್ ಕಾಣುತ್ತದೆ, ತುಂಬಿದ ಗುಣ ಮಿನುಗುತ್ತದೆ. ಆದರೂ ಎಣಿಸುತ್ತೇನೆ. ಮಿನುಗನ್ನು ನಂಬುವ ಜಾಯಮಾನ ನನ್ನದಲ್ಲ.

ಕೊನೆಗೆ 20,000 ಕೊಟ್ಟು ಇಂಪಿಶ್ ಮಿಂಟ್ ತಿನ್ನಿಸಿದೆ. ಅದರಿಂದ ಡಿಫೆನ್ಸ್ ಹತ್ತರಲ್ಲೊಂದು ಭಾಗ ಏರುತ್ತದೆ, ಉಪ್ಪಿನ ಕಂಬ ಎಂದೂ ಬಳಸದ ಸ್ಪೆಷಲ್ ಅಟ್ಯಾಕ್ ಇಳಿಯುತ್ತದೆ. ಹುಟ್ಟುಗುಣ ಪೂರ್ತಿ ಇರುವ ಗಾರ್ಗನಾಕಲ್‌ಗೆ ಲೆವೆಲ್ 50ರಲ್ಲಿ ಏನೂ ತರಬೇತಿಯಿಲ್ಲದೆ ಡಿಫೆನ್ಸ್ 150. ನನ್ನದು 200. ಎಚ್‌ಪಿ 175 ಇರಬೇಕಾದದ್ದು 207. ಅದನ್ನು ನೋಡಿದಾಗ, ಇಸ್ತ್ರಿ ಮಾಡಿದ ಅಂಗಿಗಳನ್ನು ಬೀರುವಿನಲ್ಲಿ ಜೋಡಿಸಿಟ್ಟಾಗ ಆಗುವಂಥ ಸಮಾಧಾನವಾಯಿತು.

ಇಷ್ಟು ತಾಳ್ಮೆ ಎಲ್ಲಿಂದ ಬಂತೆಂದರೆ ಅಜ್ಜಿಯಿಂದ. ಬೇಸಿಗೆ ರಜೆಯಲ್ಲಿ ಅವಳೊಡನೆ ಚೌಕಾಬಾರ ಆಡುತ್ತಿದ್ದೆ. ಅಡ್ಡಗೆರೆ ಹಾಕಿದ ಮನೆಯಲ್ಲಿ ಕಾಯಿ ಕೂರಿಸಿದರೆ ಯಾರೂ ಕಡಿಯುವಂತಿಲ್ಲ. ಅಜ್ಜಿ ಆ ಮನೆಯಿಂದ ಆ ಮನೆಗೆ ಮಾತ್ರ ಹೆಜ್ಜೆ ಇಡುತ್ತಿದ್ದಳು. ನಡುವೆ ಎಷ್ಟೇ ಆಸೆ ತೋರಿಸಿದರೂ ಬರುತ್ತಿರಲಿಲ್ಲ. ನಮಗೆ ಬೇಜಾರಾಗಿ, ಕೈ ತಪ್ಪಿ, ಸೋಲುತ್ತಿದ್ದೆವು. ಪೋಕೆಮಾನ್‌ನಲ್ಲಿ ನಾನು ಆಡುವುದು ಅದೇ ಆಟ. ಉಪ್ಪಿನ ಕಂಬದ ಸಾಲ್ಟ್ ಕ್ಯೂರ್ ಎಂಬ ಏಟು ಒಮ್ಮೆ ತಗುಲಿದರೆ ಎದುರಾಳಿಯ ಒಟ್ಟು ಎಚ್‌ಪಿಯ ಎಂಟರಲ್ಲೊಂದು ಭಾಗ ಪ್ರತಿ ಸುತ್ತಿಗೂ ಕರಗುತ್ತದೆ, ನೀರು ಅಥವಾ ಉಕ್ಕಿನ ಜಾತಿಯಾದರೆ ಕಾಲು ಭಾಗ. ನಾನು ಗೋಡೆ ಏರಿಸುತ್ತ, ಗಾಯ ವಾಸಿ ಮಾಡಿಕೊಳ್ಳುತ್ತ ಕೂರುತ್ತೇನೆ. ಆಟ ಮಾಡಿದವರಿಗೆ ನನ್ನಂಥವರನ್ನು ಕಂಡರೆ ಆಗುವುದಿಲ್ಲ ಎಂಬ ಗುಮಾನಿಯೂ ಇದೆ. ಇದರ ಹಿಂದಿನ ಆಟಗಳಲ್ಲಿ ಗಾಯ ವಾಸಿ ಮಾಡುವ ರಿಕವರ್ ಅನ್ನು 10 ಸಲ ಬಳಸಬಹುದಿತ್ತು, ಇದರಲ್ಲಿ 5ಕ್ಕೆ ಇಳಿಸಿದ್ದಾರೆ.

ಒಮ್ಮೆ ಸ್ವಭಾವ ಬದಲಿಸಲು ಹೋಗಿದ್ದೂ ಉಂಟು. ಈ ಆಟದಲ್ಲಿ ಬೇರೆಯವರ ತಂಡವನ್ನು ಕೋಡ್ ಹಾಕಿ ಬಾಡಿಗೆಗೆ ತರಬಹುದು. ಒಳ್ಳೆಯ ಆಟಗಾರರೊಬ್ಬರ ತಂಡ ತಂದೆ: ಆರೂ ಮಂದಿ ಮಿಂಚಿನ ವೇಗದವರು, ಮುಟ್ಟಿದರೆ ಒಡೆಯುವವರು. ಇವಿ, ಮಿಂಟ್, ಕೈಸಾಮಾನು ಎಲ್ಲ ಅಚ್ಚುಕಟ್ಟು. ಆ ರಾತ್ರಿ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಸೋತೆ. ತಂಡದಲ್ಲಿ ದೋಷವಿರಲಿಲ್ಲ. ಅಂಥ ತಂಡಕ್ಕೆ ಎದುರಾಳಿ ಮುಂದಿನ ಕ್ಷಣದಲ್ಲಿ ಏನು ಮಾಡುತ್ತಾನೆಂದು ಊಹಿಸಿ, ಆ ಊಹೆಯ ಮೇಲೆ ಎಲ್ಲವನ್ನೂ ಪಣಕ್ಕಿಡುವ ಎದೆ ಬೇಕು. ನಾನು ಪ್ರತಿ ಸಲವೂ ಒಂದು ಸುತ್ತು ಕಾದು ನೋಡೋಣ ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಒಬ್ಬ ಬಿದ್ದಿರುತ್ತಿದ್ದ. ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಿದ ಹಾಗಿತ್ತು.

2014ರ ಪೋಕೆಮಾನ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲಿ ಪಚಿರಿಸು ಎಂಬ ವಿದ್ಯುತ್ ಅಳಿಲು ಇತ್ತು. ಅದಕ್ಕೆ ಹೊಡೆಯುವ ಕೆಲಸ ಕಡಿಮೆ. ಫಾಲೋ ಮೀ ಎಂದು ಕೈಬೀಸಿ ಏಟುಗಳನ್ನು ತನ್ನ ಮೇಲೆ ಎಳೆದುಕೊಳ್ಳುವುದು, ಪಕ್ಕದವನನ್ನು ಕಾಯುವುದು, ಅಷ್ಟೇ. ಫೈನಲಿನಲ್ಲಿ ಸಲಮೆನ್ಸ್ ಎಂಬ ಡ್ರ್ಯಾಗನ್ನಿನ ಡ್ರಾಕೊ ಮೀಟಿಯರ್ ತಿಂದೂ ಆ ಅಳಿಲು ಎದ್ದು ನಿಂತದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗೋಡೆಯ ಜಾತಿಯವರಿಗೆ ಅದು ನಮ್ಮೂರ ಜಾತ್ರೆಯ ತೇರು.

ಆ ಧೈರ್ಯದಲ್ಲೇ ದಸರಾ ರಜೆಗೆ ಬಂದ ಅಕ್ಕನ ಮಗನೊಡನೆ ಕುಳಿತೆ. ಅವನಿಗೆ ಹನ್ನೊಂದು ವರ್ಷ. ಇವಿಯ ಹೆಸರೂ ಗೊತ್ತಿಲ್ಲ, ಕಥೆ ಆಡುತ್ತ ಸಿಕ್ಕಸಿಕ್ಕವರನ್ನು ಹೊಡೆದು ಬೆಳೆದ ತಂಡ. ನನ್ನ ಹಾಲಿನ ಪುಸ್ತಕ ತೋರಿಸಿ ವಿವರಿಸಿದೆ. "ಮಾಮ, ಇಷ್ಟು ಹೊತ್ತಿನಲ್ಲಿ ನಾನು ಇನ್ನೊಂದು ಜಿಮ್ ಗೆದ್ದಿರುತ್ತಿದ್ದೆ" ಎಂದ.

ಅವನು ಇಳಿಸಿದ್ದು ಮಿಯಾವ್‌ಸ್ಕರಾಡಾ, ಆಟದ ಮೊದಲ ದಿನ ಆರಿಸಿಕೊಂಡ ಬೆಕ್ಕಿನ ಮರಿ ಬೆಳೆದು ಜಾದೂಗಾರ ಆದದ್ದು. ಹುಲ್ಲಿನ ಜಾತಿ, ಕಲ್ಲಿಗೆ ವೈರಿ. ಬುದ್ಧಿವಂತನಾದರೆ ಆಗಲೇ ಉಕ್ಕಿನ ಕಾಗೆ ಕೊರ್ವಿನೈಟನ್ನು ಮುಂದೆ ತರಬೇಕಿತ್ತು. ನಾನು ನನ್ನ 200ನ್ನು ನೆಚ್ಚಿಕೊಂಡೆ. ಐರನ್ ಡಿಫೆನ್ಸ್ ಒತ್ತಿದೆ, ಗೋಡೆ ಎರಡು ಪಟ್ಟಾಯಿತು. ಬೆಕ್ಕು ಫ್ಲವರ್ ಟ್ರಿಕ್ ಎಂದು ಹೂಗೊಂಚಲು ಎಸೆಯಿತು. ಹತ್ತಿರ ಹತ್ತಿರ ಅರ್ಧ ಎಚ್‌ಪಿ ಹೋಯಿತು, ಪರದೆಯ ಮೇಲೆ ಕ್ರಿಟಿಕಲ್ ಹಿಟ್ ಎಂದು ಬಂತು, ಅಂದರೆ ಅದೃಷ್ಟವಿದ್ದಾಗ ಬೀಳುವ ಜೋರು ಏಟು. ದುರದೃಷ್ಟ ಎಂದುಕೊಂಡು ಮತ್ತೊಮ್ಮೆ ಐರನ್ ಡಿಫೆನ್ಸ್. ಗೋಡೆ ಈಗ ಮೂರು ಪಟ್ಟು. ಮತ್ತೆ ಹೂವು, ಮತ್ತೆ ಅಷ್ಟೇ ಗಾಯ, ಮತ್ತೆ ಕ್ರಿಟಿಕಲ್. ರಿಕವರ್ ಒತ್ತಿದೆ. ಬೆಕ್ಕು ನನಗಿಂತ ಚುರುಕು, ಮೂರನೆಯ ಹೂವು ಮೊದಲು ಬಂತು. ಕಂಬ ಉರುಳಿತು.

ಫ್ಲವರ್ ಟ್ರಿಕ್ ಪ್ರತಿ ಸಲವೂ ಕ್ರಿಟಿಕಲ್ ಆಗಿಯೇ ತಾಗುತ್ತದೆ, ಗುರಿ ತಪ್ಪುವುದೂ ಇಲ್ಲ. ಕ್ರಿಟಿಕಲ್ ಏಟಿಗೆ ನಾವು ಪಂದ್ಯದ ನಡುವೆ ಏರಿಸಿಕೊಂಡ ಡಿಫೆನ್ಸ್ ಲೆಕ್ಕಕ್ಕಿಲ್ಲ. ಪ್ರತಿ ಸಲವೂ ಕ್ರಿಟಿಕಲ್ ಎಂಬುದು ಆ ಮೂವ್‌ನ ವಿವರಣೆಯಲ್ಲೇ ಬರೆದಿದೆ. ನಾನು ನನ್ನ ತಂಡದ ವಿವರಣೆಗಳನ್ನು ಬಾಯಿಪಾಠ ಮಾಡಿದ್ದೆ, ಎದುರಿನವರದನ್ನು ಒಂದೂ ಓದಿರಲಿಲ್ಲ. ಹುಡುಗನಿಗೂ ಕ್ರಿಟಿಕಲ್ಲಿನ ನಿಯಮ ಗೊತ್ತಿರಲಿಲ್ಲ, "ಅದು ಚೆನ್ನಾಗಿ ತಾಗುತ್ತದೆ ಮಾಮ" ಎಂದಷ್ಟೇ ಹೇಳಿದ. ಆಮೇಲೆ ತಿಂಡಿ ತಿನ್ನುತ್ತ, "ನಿಮ್ಮ ಕಲ್ಲು ಯಾರಿಗೂ ಹೊಡೆಯುವುದೇ ಇಲ್ಲವಲ್ಲ" ಎಂದು ಕೇಳಿದ. ಆ ಮಾತು ಹೂವಿಗಿಂತ ಜೋರಾಗಿ ತಾಗಿತು.

ನೋಡಿದರೆ ನಿಜ. ನಾಲ್ಕು ಮೂವ್‌ಗಳಲ್ಲಿ ಐರನ್ ಡಿಫೆನ್ಸ್, ರಿಕವರ್, ಪ್ರೊಟೆಕ್ಟ್ ಮೂರೂ ಅಡಗಿ ಕೂರುವಂಥವು. ಅಜ್ಜಿಯ ಚೌಕಾಬಾರದಲ್ಲೂ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಮನೆಗೆ ಹೋಗುವಂತಿರಲಿಲ್ಲ. ಅವಳು ಒಂದೇ ಒಂದು ಸಲ ಹೊರಗೆ ಬಂದು ಕಡಿದು ಹೋಗುತ್ತಿದ್ದಳು, ನಾನದನ್ನು ಮರೆತಿದ್ದೆ. ಪ್ರೊಟೆಕ್ಟ್ ತೆಗೆದು ಬಾಡಿ ಪ್ರೆಸ್ ಕಲಿಸಿದೆ. ಅದು ಅಟ್ಯಾಕ್ ಬದಲು ಡಿಫೆನ್ಸನ್ನೇ ಏಟಾಗಿ ಬಳಸುತ್ತದೆ. ಹೊಡೆಯಲು ಹೊಸ ಇವಿ ಬೇಡ, ಹೊಸ ಹಂದಿ ಬೇಡ, ಕಟ್ಟಿದ ಗೋಡೆಯೇ ಎದುರಾಳಿಯ ಮೇಲೆ ಬೀಳುತ್ತದೆ. ಹೊಡೆದಾಟದ ಜಾತಿಯ ಏಟಾದ್ದರಿಂದ ಕತ್ತಲ ಜಾತಿಯೂ ಆಗಿರುವ ಆ ಬೆಕ್ಕಿಗೆ ಎರಡು ಪಟ್ಟು. ಮಾರನೆಯ ಬೆಳಿಗ್ಗೆ ಒಂದು ಹೂವು ತಿಂದು, ಒಂದು ಬಾಡಿ ಪ್ರೆಸ್ ಒತ್ತಿದೆ. ಬೆಕ್ಕು ಮಲಗಿತು. ಹುಡುಗ ಅರ್ಧ ಗಂಟೆ ಮಾತಾಡಲಿಲ್ಲ.

ಕಳೆದ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಓದುವುದು ಬಿಟ್ಟು ಅದೇನೋ ಭೂತದ ಚೂರುಗಳನ್ನು ಕೂಡಿಸುತ್ತಿದ್ದಾನೆ, 50 ಬೇಕಂತೆ, 31 ಆಗಿವೆಯಂತೆ, ಮಾಮನಿಗೆ ಹೇಳಬೇಡ ಎಂದಿದ್ದಾನೆ ಎಂದಳು. ಮೆಡಾಲಿ ಊರಿನ ಹೋಟೆಲಿನಲ್ಲಿ ಒಂದೇ ಜಾತಿಯ 50 ಟೆರಾ ಚೂರು ಕೊಟ್ಟರೆ ಪೋಕೆಮಾನ್‌ನ ಟೆರಾ ಜಾತಿ, ಅಂದರೆ ಪಂದ್ಯದ ನಡುವೆ ಅದು ತಾಳಬಲ್ಲ ಇನ್ನೊಂದು ಜಾತಿ, ಬದಲಿಸಿಕೊಡುತ್ತಾರೆ. ಭೂತವಾಗಿ ಬದಲಾದ ಬೆಕ್ಕಿಗೆ ಬಾಡಿ ಪ್ರೆಸ್ ತಾಗುವುದೇ ಇಲ್ಲ. ಏನೂ ತಿಳಿಯದವನಂತೆ, "ಪರೀಕ್ಷೆ ಯಾವಾಗ ಅಕ್ಕ" ಎಂದು ಕೇಳಿ ಫೋನ್ ಇಟ್ಟೆ. ಹಾಲಿನ ಪುಸ್ತಕದಲ್ಲಿ ಇನ್ನು ಒಂದೇ ಖಾಲಿ ಪುಟ ಉಳಿದಿದೆ. ಅದರಲ್ಲಿ ಕೊರ್ವಿನೈಟ್ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.