ಯಾರಿಗೆ ಯಾವ ಪುಸ್ತಕ?

ಪುಸ್ತಕ ಕೊಡುವಾಗ ವಯಸ್ಸು ನೋಡಬೇಡಿ. ಅವರು ಬಾಯಿ ಬಿಟ್ಟರೆ ಯಾವ ಸುದ್ದಿ ತೆಗೆಯುತ್ತಾರೆ ನೋಡಿ, ಅದಕ್ಕೆ ಹೊಂದುವ ತೆಳು ಪುಸ್ತಕ ಕೊಡಿ. ಗೊತ್ತಿರುವ ಲೋಕವೇ ಸಿಕ್ಕಿದರೆ ಮೊದಲ ಹತ್ತು ಪುಟ ಸಲೀಸಾಗಿ ದಾಟುತ್ತದೆ, ಹೆಚ್ಚಿನವರು ಕೈಬಿಡುವುದು ಅಲ್ಲೇ. ಮಂಗಳೂರಿನ ಫ್ಲ್ಯಾಟಿಗೆ ಬಂದ ಮೇಲೂ ಅಡಿಕೆ, ಕೊಳೆರೋಗ ಅಂತಲೇ ಮಾತಾಡುವ ಅಜ್ಜನಿಗೆ ಕಾರಂತರ ‘ಬೆಟ್ಟದ ಜೀವ’: ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡಿಕೊಂಡ ಮುದಿ ದಂಪತಿಯ ಕಥೆ. ಓತಿಕ್ಯಾತದ ಹಿಂದೆ ಓಡುವ ಹೈಸ್ಕೂಲು ಹುಡುಗಿಗೆ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯ ಹುಡುಕಾಟ ಅದು, ಮನೆಯಲ್ಲಿಟ್ಟರೆ ಅಪ್ಪನೂ ಓದಿಯಾರು. ಇಂಗ್ಲಿಷ್ ಮೀಡಿಯಂ ಮಕ್ಕಳ ಹತ್ತಿರ ಮಾತ್ರ ಈ ಉಪಾಯ ನಡೆಯುವುದು ಕಷ್ಟ ಮಾರಾಯ್ರೆ, ವಿಷಯ ಇಷ್ಟವಾದರೂ ಅಕ್ಷರ ಕೂಡಿಸುವಷ್ಟರಲ್ಲಿ ಸುಸ್ತು. ಮೊದಲ ಅಧ್ಯಾಯ ನೀವೇ ಓದಿ ಹೇಳಿ. ಅಜ್ಜ ಅಜ್ಜಿಗಾದರೆ ಅಚ್ಚಿನ ಗಾತ್ರ ನೋಡಿಯೇ ಕೊಡಿ.